ಟೆಂಡರ್ ಕರೆದು ಕೊಂಡ ಕಿವುಡು

ಹದಿನೈದು ನಿಮಿಷ.

100 ಡೆಸಿಬಲ್ ಸದ್ದಿನಲ್ಲಿ ಒಬ್ಬ ಮನುಷ್ಯ ದಿನಕ್ಕೆ ಇರಬಹುದಾದ ಹೊತ್ತು ಇಷ್ಟೇ. ಅಮೆರಿಕದ ನಯೋಶ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಹಾಕಿಟ್ಟ ಲೆಕ್ಕ ಇದು. 85 ಡೆಸಿಬಲ್ ಆದರೆ ಎಂಟು ಗಂಟೆ. 88 ಆದರೆ ನಾಲ್ಕು. 91 ಆದರೆ ಎರಡು. ಮೂರು ಡೆಸಿಬಲ್ ಏರಿದಾಗೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ನೂರಕ್ಕೆ ಬರುವಷ್ಟರಲ್ಲಿ ಉಳಿಯುವುದು ಕಾಲು ಗಂಟೆ.

ನೆಲದಡಿಯ ಗಣಿಯಲ್ಲಿ ಅದಿರು ಸಾಗಿಸುವ ಡೀಸೆಲ್ ಗಾಡಿಯ ಚಾಲಕನ ಕಿವಿಯ ಬಳಿ ಅಳತೆಯ ಮೀಟರ್ ಹಿಡಿದರೆ ಎಷ್ಟು ತೋರಿಸುತ್ತದೆ? ಮುಚ್ಚಿದ ಕ್ಯಾಬಿನ್ ಇಲ್ಲದ ಗಾಡಿಯಾದರೆ 95 ಮುಟ್ಟುವುದು ಮಾಮೂಲು. ಹೇರು ತುಂಬಿಕೊಂಡು ಏರು ಹತ್ತುವಾಗ 100. ಕೆಲವೊಮ್ಮೆ ಅದನ್ನೂ ದಾಟುತ್ತದೆ.

ಅವನ ಪಾಳಿ ಎಷ್ಟು ಹೊತ್ತು? ಎಂಟು ಗಂಟೆ.

ಹಾಗಾದರೆ ಮಿಕ್ಕ ಏಳೂಮುಕ್ಕಾಲು ಗಂಟೆಯ ಲೆಕ್ಕ ಕೊಡುವವರು ಯಾರು?

ಯಾರೂ ಇಲ್ಲ. ಕೇಳುವವರೂ ಇಲ್ಲ. ಬಂಡೆ ಕುಸಿದು ನಾಲ್ಕು ಜನ ಸತ್ತರೆ ಮಂತ್ರಿಗಳು ಓಡಿ ಬರುತ್ತಾರೆ. ಪರಿಹಾರದ ಚೆಕ್ಕು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಕಿವಿ ಸತ್ತರೆ ಹೆಣ ಬೀಳುವುದಿಲ್ಲ. ರಕ್ತ ಸುರಿಯುವುದಿಲ್ಲ. ತನಿಖೆ ನಡೆಯುವುದಿಲ್ಲ. ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಹತ್ತು ವರ್ಷ ಕೊಲ್ಲುವ ಕೊಲೆಗೆ ಎಫ್‌ಐಆರ್ ಎಲ್ಲಿಂದ ಬರಬೇಕು?

ಆ ಗಾಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗಣಿಯವರ ಬಾಯಲ್ಲಿ ಅದು ಎಲ್‌ಎಚ್‌ಡಿ. ಅದಿರು ತುಂಬಿಕೊಳ್ಳುವುದು, ಹೊರುವುದು, ಸುರಿಯುವುದು, ಮೂರೂ ಅದರದೇ ಕೆಲಸ. ಸುರಂಗದ ಎತ್ತರಕ್ಕೆ ಹೊಂದಲಿ ಎಂದು ಕುಳ್ಳಗೆ, ಉದ್ದಕ್ಕೆ ಮಾಡಿದ ಗಾಡಿ. ತಿರುಗಿಸಲು ಜಾಗವಿಲ್ಲ. ಮುಂದಕ್ಕೆ ಓಡಿದಷ್ಟೇ ಹಿಂದಕ್ಕೂ ಓಡಬೇಕು. ಅದಕ್ಕೇ ಚಾಲಕ ಅಡ್ಡಡ್ಡ ಕೂರುತ್ತಾನೆ. ಒಂದು ಕಿವಿ ಬಕೆಟ್ಟಿನ ಕಡೆಗೆ. ಇನ್ನೊಂದು ಕಿವಿ ಎಂಜಿನ್ನಿನ ಕಡೆಗೆ. ಆ ಕಡೆ ಕಬ್ಬಿಣದ ಮೇಲೆ ಬಂಡೆ ಬೀಳುವ ಸದ್ದು. ಈ ಕಡೆ ಡೀಸೆಲ್ ಎಂಜಿನ್ನಿನ ಆರ್ಭಟ. ಅದರ ಜತೆಗೆ ರೇಡಿಯೇಟರ್ ಫ್ಯಾನಿನ ಕಿರುಚಾಟ, ಹೈಡ್ರಾಲಿಕ್ ಪಂಪಿನ ಸೀಳು ದನಿ, ಹೊಗೆ ಕೊಳವೆಯ ಗುಡುಗು, ರಿವರ್ಸ್ ಅಲಾರಾಂನ ಕೂಗು.

ಬಯಲಿನಲ್ಲಾದರೆ ಸದ್ದು ಚದುರಿ ಹೋಗುತ್ತದೆ. ಸುರಂಗದಲ್ಲಿ ಎಲ್ಲಿಗೆ ಹೋಗಬೇಕು? ಎಡಕ್ಕೂ ಬಂಡೆ, ಬಲಕ್ಕೂ ಬಂಡೆ, ತಲೆಯ ಮೇಲೂ ಬಂಡೆ. ಬಡಿದು ವಾಪಸು ಬರುತ್ತದೆ. ಬಂದು ಮತ್ತೆ ಅದೇ ಕಿವಿಗೇ ಹೊಡೆಯುತ್ತದೆ.

ಹೊಡೆತ ತಿನ್ನುವುದು ಏನು ಗೊತ್ತೆ? ಒಳಕಿವಿಯಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಸದ್ದಿನ ಕಂಪನವನ್ನು ಹಿಡಿದು ಮಿದುಳಿಗೆ ದಾಟಿಸುವುದು ಅವೇ. ದನ ನುಗ್ಗಿದ ಗದ್ದೆಯ ಪೈರಿನಂತೆ ಅವು ಮಲಗುತ್ತವೆ. ಪೈರನ್ನಾದರೂ ಮತ್ತೆ ನಾಟಿ ಮಾಡಬಹುದು. ಇವು ಒಮ್ಮೆ ಸತ್ತರೆ ಸತ್ತವೇ. ಮತ್ತೆ ಹುಟ್ಟುವುದಿಲ್ಲ. ಔಷಧವಿಲ್ಲ. ಆಪರೇಷನ್ ಮಾಡಿಸಿ ಮೊದಲಿನಂತೆ ಮಾಡುತ್ತೇನೆ ಎನ್ನುವ ಡಾಕ್ಟರು ಈ ಭೂಮಿಯ ಮೇಲಿಲ್ಲ.

ಮೊದಲು ಸಾಯುವುದು 4000 ಹರ್ಟ್ಸ್ ಸುತ್ತಲಿನ ಸ್ವರಗಳನ್ನು ಹಿಡಿಯುವ ಕೋಶಗಳು. ಹಾಗಾಗಿ ಆರಂಭದಲ್ಲಿ ಆಸಾಮಿಗೆ ಏನೂ ತಿಳಿಯುವುದಿಲ್ಲ. ಲಾರಿಯ ಹಾರನ್ ಕೇಳಿಸುತ್ತದೆ. ದೇವಸ್ಥಾನದ ಡೋಲು ಕೇಳಿಸುತ್ತದೆ. ಕೇಳಿಸದೆ ಹೋಗುವುದು ಸಕಾರ, ತಕಾರ, ಕಕಾರ. ಸಾಲು ಎಂದರೆ ಹಾಲು ಎಂದು ತಿಳಿಯುತ್ತಾನೆ. ಕಾಸು ಎಂದರೆ ತಾಸು ಎನ್ನುತ್ತಾನೆ. ಮೊಮ್ಮಗಳ ಸಣ್ಣ ದನಿ ಗಾಳಿಯಲ್ಲೇ ಕರಗಿ ಹೋಗುತ್ತದೆ. ರಾತ್ರಿ ಎಲ್ಲ ಸುಮ್ಮನಾದ ಮೇಲೆ ಕಿವಿಯೊಳಗೆ ಜೀರುಂಡೆ ಕೂಗಲು ಶುರುಮಾಡುತ್ತದೆ. ಗಣಿ ಬಿಟ್ಟರೂ ಅದು ಬಿಡುವುದಿಲ್ಲ.

ಆಮೇಲೆ ನಮ್ಮ ಸರದಿ. ಹೌದು, ನಮ್ಮದು. ಕಿವುಡ ಎಂದರೆ ನಮಗೆ ನಗೆಪಾಟಲು. ನಾಟಕದಲ್ಲಿ ಕಿವುಡ ಬಂದರೆ ಚಪ್ಪಾಳೆ. ಸಿನಿಮಾದಲ್ಲಿ ಕಿವುಡ ಮಾವ ಬಂದರೆ ಥಿಯೇಟರ್ ತುಂಬ ನಗು. ಮದುವೆ ಮನೆಯಲ್ಲಿ ಅವನ ಬೆನ್ನ ಹಿಂದೆ ಮಾತು. ‘ಏನ್ ಮಾರಾಯಾ, ಹತ್ತು ಸಲ ಹೇಳಬೇಕೇನು ನಿನಗ?’ ಅವನು ಬರಬರುತ್ತ ಮದುವೆಗೆ ಹೋಗುವುದನ್ನೇ ಬಿಡುತ್ತಾನೆ. ಕಟ್ಟೆಯ ಮೇಲೆ ಕೂರುವುದನ್ನು ಬಿಡುತ್ತಾನೆ. ಕೇಳಿಸದಿದ್ದರೂ ಕೇಳಿಸಿದಂತೆ ತಲೆಯಾಡಿಸಲು ಕಲಿಯುತ್ತಾನೆ. ಅವನ ಕಿವಿ ತಿಂದವನಿಗೆ ಬಡ್ತಿ. ಕಿವಿ ಕಳೆದುಕೊಂಡವನಿಗೆ ಗೇಲಿ. ಇದು ನಮ್ಮ ನ್ಯಾಯ!

ಈ ಸದ್ದಿಗೆ ಕಾನೂನು ಏನು ಮಾಡಿತು ಎಂದು ನೋಡಲು ಈಗ ಮಲೇಷ್ಯಾಕ್ಕೆ ಬನ್ನಿ.

ನಮ್ಮವರು ಕ್ವಾಲಾಲಂಪುರಕ್ಕೆ ಟೂರ್ ಪ್ಯಾಕೇಜಿನಲ್ಲಿ ಹೋಗುತ್ತಾರೆ. ಪೆಟ್ರೋನಾಸ್ ಗೋಪುರದ ಮುಂದೆ ಸೆಲ್ಫಿ. ಬಾಟು ಗುಹೆಯ ಮೆಟ್ಟಿಲ ಮೇಲೆ ಇನ್ನೊಂದು ಸೆಲ್ಫಿ. ಆ ಊರು ಹುಟ್ಟಿದ್ದೇ 1857ರಲ್ಲಿ, ತವರ ಅಗೆಯಲು ಬಂದ ಕೂಲಿಗಳ ಬಿಡಾರವಾಗಿ ಎಂದು ಯಾವ ಗೈಡೂ ಹೇಳುವುದಿಲ್ಲ. ಅಲ್ಲಿಂದ ಪೂರ್ವಕ್ಕೆ ಪಹಾಂಗ್ ರಾಜ್ಯ. ಅಲ್ಲಿ ಸುಂಗೈ ಲೆಂಬಿಂಗ್ ಎಂಬ ಊರು. 1906ರಲ್ಲಿ ಪಹಾಂಗ್ ಕನ್ಸಾಲಿಡೇಟೆಡ್ ಎಂಬ ಬ್ರಿಟಿಷ್ ಕಂಪನಿ ಬಂದು ಕೂತಿತು. ನೆಲದಡಿ ತವರಕ್ಕಾಗಿ ಕೊರೆಯುತ್ತ ಹೋಯಿತು. ಎಲ್ಲ ಸುರಂಗಗಳನ್ನು ಜೋಡಿಸಿದರೆ 322 ಕಿಲೋಮೀಟರ್. ಬೆಂಗಳೂರಿನಿಂದ ದಾವಣಗೆರೆ ದಾಟಿ ಮುಂದೆ ಹೋಗುವಷ್ಟು ದೂರ. ಆಳ ಸುಮಾರು 700 ಮೀಟರ್. ಆ ಕತ್ತಲಲ್ಲಿ ಡ್ರಿಲ್ಲುಗಳು ಕಿರುಚಿದವು. ಹಳಿಯ ಮೇಲೆ ಅದಿರಿನ ತೊಟ್ಟಿಗಳು ಒಂದಕ್ಕೊಂದು ಗುದ್ದಿಕೊಂಡು ಓಡಿದವು. ಎಂಬತ್ತು ವರ್ಷ.

1985ರ ಅಕ್ಟೋಬರ್‌ನಲ್ಲಿ ಜಗತ್ತಿನ ತವರದ ಮಾರುಕಟ್ಟೆ ಮುಗ್ಗರಿಸಿತು. 1986ರಲ್ಲಿ ಗಣಿ ಮುಚ್ಚಿತು. ಸದ್ದಿಗೆಂದೇ ಮಲೇಷ್ಯಾ ಪ್ರತ್ಯೇಕ ನಿಯಮಾವಳಿ ಮಾಡಿದ್ದು ಯಾವಾಗ? 1989ರಲ್ಲಿ. ಗಣಿ ಮುಚ್ಚಿ ಮೂರು ವರ್ಷವಾದ ಮೇಲೆ! ಅದೂ ಕಾರ್ಖಾನೆ ಮತ್ತು ಯಂತ್ರಗಳ ಕಾಯ್ದೆಯಡಿ. ಎಂಬತ್ತು ವರ್ಷ ದುಡಿದ ತಲೆಮಾರುಗಳ ಕಿವಿ ಯಾವ ಖಾತೆಗೆ ಬರೆದುಕೊಂಡರು? ಇವತ್ತು ಮ್ಯಾನೇಜರ್ ಸಾಹೇಬರ ಬಂಗಲೆ ಮ್ಯೂಸಿಯಂ ಆಗಿದೆ. ಸುರಂಗದೊಳಗೆ ಪ್ರವಾಸಿಗರಿಗೆಂದು ಪುಟ್ಟ ರೈಲು ಓಡುತ್ತದೆ. ಟಿಕೆಟ್ ಕೊಂಡು ಹತ್ತಿ, ಫೋಟೊ ತೆಗೆದು ಇಳಿಯಬಹುದು. ಅದೇ ಸುರಂಗದಲ್ಲಿ ಕಿವಿ ಕಳೆದುಕೊಂಡವನಿಗೆ ಏನು ಸಿಕ್ಕಿತು ಎಂದು ಟಿಕೆಟ್ಟಿನ ಹಿಂದೆ ಬರೆದಿರುವುದಿಲ್ಲ.

1989ರ ಆ ನಿಯಮ ಏನೆಂದಿತ್ತು? ಎಂಟು ಗಂಟೆಗೆ 90 ಡೆಸಿಬಲ್‌ವರೆಗೆ ಪರವಾಗಿಲ್ಲ. ಮೂವತ್ತು ವರ್ಷ ಅದೇ ನಡೆಯಿತು. ಕೊನೆಗೆ 2019ರ ಜೂನ್‌ನಲ್ಲಿ ಹೊಸ ನಿಯಮಾವಳಿ ಜಾರಿಗೆ ಬಂತು. ಇದು ಗಣಿಗೂ ಅನ್ವಯ. 82 ದಾಟಿದರೆ ಅತಿಸದ್ದು. ಮಾಲೀಕ ಅಳೆಸಬೇಕು, ಕಡಿಮೆ ಮಾಡಬೇಕು. 85 ದಾಟಿದರೆ ಮಿತಿ ಮೀರಿತು ಎಂದೇ ಲೆಕ್ಕ. ಆ ಸದ್ದಿನಲ್ಲಿ ದುಡಿಯುವವನ ಕಿವಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಯಂತ್ರ ಮಾಡಿ ಮಾರುವವನ ಕೊರಳಿಗೂ 1994ರ ಸುರಕ್ಷತಾ ಕಾಯ್ದೆ ಹೊಣೆ ಕಟ್ಟಿದೆ. 2024ರ ಜೂನ್‌ನಿಂದ ಮಾಲೀಕನ ಮೇಲಿನ ದಂಡದ ಮಿತಿ 50 ಸಾವಿರ ರಿಂಗಿಟ್‌ನಿಂದ 5 ಲಕ್ಷ ರಿಂಗಿಟ್‌ಗೆ ಏರಿದೆ. ಹತ್ತು ಪಟ್ಟು!

ಹಾಗೆಂದು ಮಲೇಷ್ಯಾಕ್ಕೆ ಹಾರ ಹಾಕಲು ನಾನು ಇಲ್ಲಿ ಕೂತಿಲ್ಲ. ಅಲ್ಲಿನ ಸುರಕ್ಷತಾ ಇಲಾಖೆಗೆ ವರದಿಯಾಗುವ ಕಸುಬಿನ ಕಾಯಿಲೆಗಳಲ್ಲಿ ಇವತ್ತಿಗೂ ದೊಡ್ಡ ಪಾಲು ಸದ್ದಿನಿಂದ ಕೆಟ್ಟ ಕಿವಿಗಳದ್ದೇ. ಕಾನೂನು ಬಂದ ಕೂಡಲೇ ಯಂತ್ರ ಬಾಯಿ ಮುಚ್ಚುವುದಿಲ್ಲ. ಅಲ್ಲಿ ಮೈಮುರಿವ ಕೆಲಸಕ್ಕೆ ಬರುವವರಲ್ಲಿ ಎಷ್ಟೋ ಮಂದಿ ಬಾಂಗ್ಲಾದವರು, ನೇಪಾಳದವರು, ಇಂಡೋನೇಷ್ಯಾದವರು. ವಿದೇಶಿ ಕಾರ್ಮಿಕರನ್ನು ಅಲ್ಲಿನ ಸಾಮಾಜಿಕ ಭದ್ರತಾ ಯೋಜನೆಯೊಳಗೆ ಸೇರಿಸಿದ್ದೇ 2019ರಲ್ಲಿ. ಕಿವುಡು ನಿಧಾನಕ್ಕೆ ಬರುವ ರೋಗ. ವೀಸಾ ಬೇಗ ಮುಗಿಯುವ ಕಾಗದ. ರೋಗ ಬಲಿಯುವ ಹೊತ್ತಿಗೆ ಆ ಹುಡುಗ ತನ್ನ ಊರಿನಲ್ಲಿರುತ್ತಾನೆ. ಯಾವ ಕೌಂಟರಿನ ಮುಂದೆ ನಿಲ್ಲಬೇಕು ಅವನು? ಯಾವ ಭಾಷೆಯಲ್ಲಿ ಕೇಳಬೇಕು? ಕೇಳಿದರೂ ಅವರು ಕೊಡುವ ಉತ್ತರ ಅವನಿಗೆ ಕೇಳಿಸಬೇಕಲ್ಲ!

ಇಷ್ಟಾದರೂ ಮಲೇಷ್ಯಾ ಒಂದು ಕೆಲಸ ಮಾಡಿತು. 90 ತಪ್ಪು ಎಂದು ಒಪ್ಪಿಕೊಂಡಿತು. ಅಂಕಿ ಇಳಿಸಿತು. ನೆಲದಡಿಯ ದೊಡ್ಡ ಗಣಿ ಮುಚ್ಚಿ ಮ್ಯೂಸಿಯಂ ಮಾಡಿಕೊಂಡ ದೇಶ ಅಂಕಿ ಇಳಿಸಿತು. ನೆಲದಡಿ ಇವತ್ತಿಗೂ ಮೂರು ಪಾಳಿ ನಡೆಸುವ ನಾವು?

ನಮ್ಮಲ್ಲಿ ಗಣಿಯ ಸದ್ದಿನ ಮಾತೆತ್ತಿದರೆ ಇವತ್ತಿಗೂ ಕಪಾಟಿನಿಂದ ಹೊರಬರುವುದು 1975ರ ಒಂದು ಸುತ್ತೋಲೆ. ಧನ್‌ಬಾದಿನಲ್ಲಿ ಕೂತಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. 85 ಎಚ್ಚರಿಕೆಯ ಮಟ್ಟವಂತೆ. 90 ಅಪಾಯದ ಮಟ್ಟವಂತೆ. 115 ದಾಟಿದರೆ ಕಿವಿಗೆ ರಕ್ಷಣೆ ಇಲ್ಲದೆ ಹೋಗಬಾರದಂತೆ. ತುರ್ತು ಪರಿಸ್ಥಿತಿಯ ವರ್ಷದ ಕಾಗದ ಅದು. ಆಗ ಹುಟ್ಟಿದ ಮಗು ಇವತ್ತು ಗಣಿಯಲ್ಲಿ ದುಡಿದು, ಕಿವುಡಾಗಿ, ನಿವೃತ್ತಿಯ ದಿನ ಎಣಿಸುತ್ತಿದೆ. ಕಾಗದ ಮಾತ್ರ ಕಪಾಟಿನಲ್ಲೇ ಇದೆ.

85ಕ್ಕೂ 90ಕ್ಕೂ ಐದೇ ತಾನೆ ವ್ಯತ್ಯಾಸ ಎನ್ನಬೇಡಿ. ಡೆಸಿಬಲ್ ಎಂಬುದು ಕಿರಾಣಿ ಅಂಗಡಿಯ ಲೆಕ್ಕವಲ್ಲ. ಆ ಐದರಲ್ಲಿ ಕಿವಿಗೆ ಬಡಿಯುವ ಶಕ್ತಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಮಲೇಷ್ಯಾದವನ ಕಿವಿ ತಡೆಯಲಾರದ್ದನ್ನು ರಾಯಚೂರಿನವನ ಕಿವಿ ತಡೆಯುತ್ತದೆಯೇ? ನಮ್ಮವರ ಕಿವಿ ಗ್ರಾನೈಟಿನಿಂದ ಮಾಡಿದ್ದೆ?

ಇನ್ನೊಂದು ಕೇಳಿ. ಸಿಲಿಕೋಸಿಸ್ ಎಂಬ ಧೂಳಿನ ರೋಗವನ್ನು ಗಣಿ ಕಾಯ್ದೆಯಡಿ ಅಧಿಸೂಚಿತ ರೋಗ ಎಂದು ಸಾರಿದ್ದು 1952ರಲ್ಲಿ. ಸದ್ದಿನಿಂದ ಬರುವ ಕಿವುಡನ್ನು ಆ ಪಟ್ಟಿಗೆ ಸೇರಿಸಿದ್ದು 2011ರಲ್ಲಿ. ಐವತ್ತೊಂಬತ್ತು ವರ್ಷ! ಅಷ್ಟು ವರ್ಷ ಕಿವುಡಾದವರು ಗಣಿ ಕಾಯ್ದೆಯ ಕಣ್ಣಿಗೆ ಕಿವುಡರೇ ಆಗಿರಲಿಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ. ಒಂದು ಶತಮಾನಕ್ಕೂ ಮಿಕ್ಕಿ ಜನರನ್ನು ದುಡಿಸಿಕೊಂಡ ಗಣಿ. ಅಲ್ಲಿಂದ ಹೊರಗೆ ಬಂದ ಅಷ್ಟೂ ಜನರ ಕಿವಿ ಈ ಪಟ್ಟಿಗಿಂತ ಹತ್ತು ವರ್ಷ ಮೊದಲೇ ಬೀದಿಗೆ ಬಿದ್ದಿತ್ತು.

ಗಣಿ ಕಾರ್ಮಿಕರ ಆರೋಗ್ಯಕ್ಕೆಂದೇ ಕೇಂದ್ರ ಸರ್ಕಾರ 1990ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಕಟ್ಟಿತ್ತು. ನೋಂದಣಿಯಾದದ್ದು ನಮ್ಮ ಕರ್ನಾಟಕದ ಕಾಯ್ದೆಯಡಿ. ಅದಾದರೂ ಉಳಿಯಿತೆ? 2019ರಲ್ಲಿ ಅದನ್ನು ವಿಸರ್ಜಿಸಿ ಅಹಮದಾಬಾದಿನ ಇನ್ನೊಂದು ಸಂಸ್ಥೆಯೊಳಗೆ ವಿಲೀನ ಮಾಡಿದರು. ಮಲೇಷ್ಯಾ ಸದ್ದಿನ ಮಿತಿ ಇಳಿಸಿದ ಅದೇ ವರ್ಷ ನಾವು ಗಣಿಯವರ ಆರೋಗ್ಯ ಸಂಸ್ಥೆಯ ಬೋರ್ಡು ಇಳಿಸಿದೆವು. ನಾಚಿಕೆ ಎಂಬುದು ಇದ್ದರೆ ಈ ಎರಡು ಸಾಲನ್ನು ಒಟ್ಟಿಗೆ ಓದಿ.

ಈಗ ನಮ್ಮ ಹಟ್ಟಿ. ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕು. ಎರಡು ಸಾವಿರ ವರ್ಷದ ಹಿಂದೆಯೇ ಜನ ಅಗೆದ ಕುರುಹು ಇರುವ ನೆಲ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಎಂದು ಶುರುವಾದ ಕಂಪನಿ ಇವತ್ತು ಕರ್ನಾಟಕ ಸರ್ಕಾರದ ಸ್ವತ್ತು. ಖಾಸಗಿ ಸಾಹುಕಾರನ ಲಾಭಕೋರತನ ಎಂದು ಬೈದು ಕೈ ತೊಳೆದುಕೊಳ್ಳುವ ಸೌಕರ್ಯ ಇಲ್ಲಿ ಇಲ್ಲ. ಮಾಲೀಕ ಸರ್ಕಾರ. ಎಂದರೆ ಮಾಲೀಕರು ನಾವು. ನೀವು. ವೋಟು ಹಾಕಿದ ಪ್ರತಿಯೊಬ್ಬರೂ.

ಹಾಗಾದರೆ ಮಾಲೀಕರಾಗಿ ಕೇಳೋಣ. ನೆಲದಡಿ ಓಡುವ ಪ್ರತಿ ಗಾಡಿಯ ಸದ್ದು ಅಳೆದಿದ್ದೀರಾ? ಅಳೆದಿದ್ದರೆ ಆ ಅಂಕಿಗಳನ್ನು ಗಣಿ ಗೇಟಿನಲ್ಲಿ ಕನ್ನಡದಲ್ಲಿ ಹಚ್ಚಿದ್ದೀರಾ? ಕೆಲಸಕ್ಕೆ ಸೇರಿದ ದಿನ ಪ್ರತಿಯೊಬ್ಬನ ಶ್ರವಣ ಪರೀಕ್ಷೆಯ ಚಾರ್ಟು ತೆಗೆದಿಟ್ಟಿದ್ದೀರಾ? ಗುತ್ತಿಗೆ ಕಾರ್ಮಿಕನದ್ದೂ ಇದೆಯೆ? 1955ರ ಗಣಿ ನಿಯಮಾವಳಿ ಹೇಳಿದ್ದು ಐದು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಎಂದು. ಮಲೇಷ್ಯಾದಲ್ಲಿ ಕಿವಿಗೆ ವರ್ಷಕ್ಕೊಮ್ಮೆ. ನಮ್ಮ ಆ ನಿಯಮದಲ್ಲಿ ಐದು ವರ್ಷಕ್ಕೊಮ್ಮೆ. ಆ ಐದು ವರ್ಷದಲ್ಲಿ ಕಿವಿ ಕಾಯುತ್ತ ಕೂರುತ್ತದೆಯೆ?

ಮೊದಲ ದಿನದ ಚಾರ್ಟು ಇಲ್ಲದಿದ್ದರೆ ಏನಾಗುತ್ತದೆ ಗೊತ್ತೆ? ಪರಿಹಾರ ಕೊಡಬೇಕಾದ ಕಸುಬಿನ ರೋಗಗಳ ಕಾನೂನು ಪಟ್ಟಿಯಲ್ಲಿ ಸದ್ದಿನ ಕಿವುಡು ಇದೆ. ಆದರೆ ಕೋರ್ಟಿನಲ್ಲಿ ಎದುರು ವಕೀಲ ಎದ್ದು ಕೇಳುತ್ತಾನೆ: ನೀನು ಮೊದಲೇ ಕಿವುಡನಾಗಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಏನು? ವಯಸ್ಸಾಗಿ ಬಂದ ಕಿವುಡಲ್ಲವೆ? ಊರ ಜಾತ್ರೆಯ ಡಿಜೆಯಿಂದ ಬಂದದ್ದಲ್ಲವೆ? ಕಾಗದ ಇಲ್ಲದವನ ಕಿವಿಗೆ ಬೆಲೆ ಇಲ್ಲ. ಆ ಕಾಗದ ಮಾಡಿಡಬೇಕಾದವನು ಯಾರು? ಮಾಲೀಕ. ತಪ್ಪಿದವನಿಗೇ ತಪ್ಪಿನ ಲಾಭ!

ಇನ್ನು ಅವರ ರಾಮಬಾಣ. ಇಯರ್‌ಪ್ಲಗ್. ‘ನಾವು ಪ್ಲಗ್ ಕೊಟ್ಟಿದ್ದೇವೆ, ಅವರೇ ಹಾಕಿಕೊಳ್ಳುವುದಿಲ್ಲ.’ ಜಗತ್ತಿನ ಯಾವ ಗಣಿಗೆ ಹೋದರೂ ಕೇಳುವ ಹಾಡು ಇದೇ. ಕೆಲವು ರೂಪಾಯಿಯ ಸ್ಪಂಜಿನ ಚೂರು ಕೈಗಿಟ್ಟು ಸಹಿ ಹಾಕಿಸಿಕೊಂಡರೆ ಕೋಟಿಗಟ್ಟಲೆ ಬೆಲೆಯ ಯಂತ್ರದ ಪಾಪ ತೊಳೆದು ಹೋಯಿತು.

ಡಬ್ಬಿಯ ಮೇಲೆ ಬರೆದ ಅಂಕಿ ಪ್ರಯೋಗಾಲಯದ ಅಂಕಿ. ಕೆಲಸದ ಜಾಗದಲ್ಲಿ ಸ್ಪಂಜಿನ ಪ್ಲಗ್ಗಿನ ಅಂಕಿಯಲ್ಲಿ ಅರ್ಧ ಕಳೆಯಿರಿ ಎಂದು ನಯೋಶ್ ಹೇಳುತ್ತದೆ. ಬೇರೆ ಬಗೆಯ ಪ್ಲಗ್ಗಾದರೆ ನೂರಕ್ಕೆ ಎಪ್ಪತ್ತು ಕಳೆಯಬೇಕಂತೆ. ಆಳದ ಗಣಿಯ ಸೆಖೆಯಲ್ಲಿ ಬೆವರು ಸುರಿಯುತ್ತದೆ. ಗ್ರೀಸು ಮೆತ್ತಿದ ಬೆರಳಲ್ಲಿ ಪ್ಲಗ್ ತಿರುಚಿ ತುರುಕಬೇಕು. ಕಿವಿ ಸೋರುತ್ತದೆ, ಕೀವಾಗುತ್ತದೆ. ಸಾಹೇಬರೇ, ಒಂದು ಪಾಳಿ ನೀವು ಹಾಕಿಕೊಂಡು ಇಳಿದು ನೋಡಿ.

ಇದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಗಣಿಯವನು ಬದುಕುವುದೇ ಕಿವಿಯಿಂದ. ಕೆಲಸಕ್ಕೆ ಮೊದಲು ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ಬಡಿದು ನೋಡುತ್ತಾನೆ. ಗಟ್ಟಿ ಬಂಡೆ ಕಣ್ ಎಂದು ಖಣಖಣಿಸುತ್ತದೆ. ಒಳಗೆ ಬಿರುಕು ಬಿಟ್ಟಿದ್ದರೆ ಬೊದ್ ಎನ್ನುತ್ತದೆ. ಆ ಕಣ್ ಮತ್ತು ಬೊದ್ ನಡುವಿನ ವ್ಯತ್ಯಾಸವೇ ಅವನ ಜೀವ. ಬಂಡೆ ಸಡಿಲುವ ಮುನ್ನ ಸಣ್ಣಗೆ ಚಟಪಟ ಎನ್ನುತ್ತದೆ. ಕತ್ತಲ ತಿರುವಿನಲ್ಲಿ ಹಿಂದಿನಿಂದ ಇನ್ನೊಂದು ಗಾಡಿ ಬರುತ್ತದೆ. ಸಂಗಾತಿ ‘ಸರಿ!’ ಎಂದು ಕೂಗುತ್ತಾನೆ. ಇವೆಲ್ಲ ಕೇಳಬೇಕು ಎಂದರೆ ಪ್ಲಗ್ ತೆಗೆಯಬೇಕು. ತೆಗೆದರೆ ಕಿವಿ ಹೋಗುತ್ತದೆ. ಹಾಕಿಕೊಂಡರೆ ತಲೆ ಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಬಡವನನ್ನು ಕೂರಿಸಿ, ಅವನು ತಲೆ ಆರಿಸಿಕೊಂಡಾಗ ಅಶಿಸ್ತು ಎಂದು ನೋಟಿಸು ಕೊಡುತ್ತೀರಲ್ಲ, ನಿಮಗೆ ಏನೆನ್ನಬೇಕು?

ಕೈಗೂಡದ ಕೆಲಸವನ್ನು ಕೇಳುತ್ತಿದ್ದೇವೆಯೆ? ಖಂಡಿತ ಇಲ್ಲ. ಗಾಡಿಯ ಸದ್ದು ಇಳಿಸುವುದು ಚಂದ್ರಯಾನವಲ್ಲ. ಚಂದ್ರನ ಮೇಲೆ ಇಳಿದ ದೇಶಕ್ಕೆ ಸೈಲೆನ್ಸರ್ ಕೂರಿಸಲು ಬರುವುದಿಲ್ಲವೆ?

ಫ್ಯಾನಿನಿಂದಲೇ ಶುರು ಮಾಡಿ. ಚಿಕ್ಕ ಫ್ಯಾನನ್ನು ಜೋರಾಗಿ ತಿರುಗಿಸುವ ಬದಲು ದೊಡ್ಡ ಫ್ಯಾನನ್ನು ನಿಧಾನಕ್ಕೆ ತಿರುಗಿಸಿದರೆ ಗಾಳಿ ಅಷ್ಟೇ ಬರುತ್ತದೆ. ವೇಗ ಐದರಲ್ಲಿ ಒಂದು ಪಾಲು ಇಳಿದರೆ ಫ್ಯಾನಿನ ಸದ್ದು ಸುಮಾರು 5 ಡೆಸಿಬಲ್ ಬೀಳುತ್ತದೆ. ಹೊಗೆ ಕೊಳವೆಗೆ ಎಂಜಿನ್ನಿಗೆ ತಕ್ಕ ಸೈಲೆನ್ಸರ್ ಹಾಕಿ. ತುಕ್ಕು ಹಿಡಿದು ತೂತಾದಾಗ ಬದಲಿಸಿ. ಎಂಜಿನ್ ಕೂರುವ ಕಡೆ ರಬ್ಬರಿನ ಮೌಂಟ್ ಇಡಿ, ನಡುಕ ಮೈಗೆ ಹರಿಯದಿರಲಿ. ಬಕೆಟ್ಟಿಗೆ, ಡಂಪರಿನ ತೊಟ್ಟಿಗೆ ಒಳಗಿನಿಂದ ರಬ್ಬರಿನ ಹಾಸು ಹಾಕಿ. ಚಾಲಕನಿಗೆ ಮುಚ್ಚಿದ ಕ್ಯಾಬಿನ್ ಕೊಡಿ. ಕ್ಯಾಬಿನ್ನಿನ ನೆಲದಲ್ಲಿ ಪೈಪು ಹಾಯಲು ಕೊರೆದ ತೂತುಗಳನ್ನು ಮುಚ್ಚಿ, ಸದ್ದು ನುಗ್ಗುವುದೇ ಅಲ್ಲಿಂದ. ಎಸಿ ಕೆಟ್ಟರೆ ಅವತ್ತೇ ರಿಪೇರಿ ಮಾಡಿ. ಇಲ್ಲವಾದರೆ ಸೆಖೆ ತಾಳದೆ ಅವನು ಬಾಗಿಲು ತೆರೆದೇ ಓಡಿಸುತ್ತಾನೆ, ಲಕ್ಷಗಟ್ಟಲೆ ಸುರಿದ ಕ್ಯಾಬಿನ್ ಶೋಕಿಗೆ ಉಳಿಯುತ್ತದೆ. ಹಳಿಯ ಮೇಲೆ ತೊಟ್ಟಿ ಓಡಿಸುವವರು ಹಳಿಯ ಸಂದು ಸರಿಮಾಡಿ, ಗಾಲಿಗೆ ಎಣ್ಣೆ ಕಾಣಿಸಿ.

ಬೇರೆಯವರು ಮಾಡಿದ್ದಾರೆ. ದಕ್ಷಿಣ ಆಫ್ರಿಕಾದ ಗಣಿಗಳು 2003ರಲ್ಲೇ ಗುರಿ ಬರೆದುಕೊಂಡವು: 2013ರ ಡಿಸೆಂಬರ್ ಹೊತ್ತಿಗೆ ಯಾವ ಯಂತ್ರದ ಸದ್ದೂ 110 ಡೆಸಿಬಲ್ ದಾಟಬಾರದು. ಆಮೇಲೆ ಅದನ್ನೂ ಬಿಗಿ ಮಾಡಿ 2024ರ ಡಿಸೆಂಬರ್‌ಗೆ 107 ಎಂದವು. ಗಮನಿಸಿ. ಅವರು ಮಿತಿ ಹಾಕಿದ್ದು ಯಂತ್ರಕ್ಕೆ. ಮನುಷ್ಯನ ಕಿವಿಗೆ ಬಿರಡೆ ಹೊಡೆಯುವ ಮಾತಲ್ಲ ಅದು. ಕೆನಡಾದ ಒಂಟಾರಿಯೊದಲ್ಲಿ ಬಾರ್ಡನ್ ಎಂಬ ಚಿನ್ನದ ಗಣಿ 2019ರಲ್ಲಿ ಶುರುವಾಯಿತು. ನೆಲದಡಿ ಬ್ಯಾಟರಿಯ ಗಾಡಿಗಳನ್ನೇ ಓಡಿಸಲೆಂದು ಕಟ್ಟಿದ ಗಣಿ. ಡೀಸೆಲ್ ಎಂಜಿನ್ ಇಲ್ಲವೆಂದರೆ ಆ ಆರ್ಭಟವೂ ಇಲ್ಲ, ಹೊಗೆಯೂ ಇಲ್ಲ. ಅವರೂ ತೆಗೆಯುವುದು ಚಿನ್ನವೇ. ನಾವೂ ತೆಗೆಯುವುದು ಚಿನ್ನವೇ. ಕಿವಿಯ ಬೆಲೆ ಮಾತ್ರ ಊರೂರಿಗೆ ಬೇರೆಯೆ?

ಎಲ್ಲ ಗೊತ್ತಿದ್ದೂ ಯಾಕೆ ಆಗುವುದಿಲ್ಲ? ಉತ್ತರ ಟೆಂಡರಿನ ಕಾಗದದಲ್ಲಿದೆ. ಎಷ್ಟು ಟನ್ ಹೊರಬೇಕು? ಬರೆದಿದ್ದಾರೆ. ಎಷ್ಟು ಅಶ್ವಶಕ್ತಿ? ಬರೆದಿದ್ದಾರೆ. ಟೈರಿನ ಅಳತೆ, ವಾರಂಟಿಯ ತಿಂಗಳು, ತಡವಾದರೆ ದಂಡ? ಎಲ್ಲ ಬರೆದಿದ್ದಾರೆ. ಚಾಲಕನ ಕಿವಿಯ ಬಳಿ ಎಷ್ಟು ಡೆಸಿಬಲ್ ಮೀರಬಾರದು ಎಂಬ ಒಂದು ಸಾಲು ಎಲ್ಲಿದೆ? ಆ ಸಾಲು ಇಲ್ಲದ ಕಡೆ ಕಡಿಮೆ ದರ ಹೇಳಿದವನೇ ಗೆಲ್ಲುತ್ತಾನೆ. ಕಡಿಮೆ ದರ ಹೇಗೆ ಬಂತು? ಕ್ಯಾಬಿನ್ ಕಿತ್ತರು. ಸೈಲೆನ್ಸರ್ ಚಿಕ್ಕದು ಮಾಡಿದರು. ರಬ್ಬರಿನ ಹಾಸು ಬಿಟ್ಟರು. ಹಾಗೆ ಉಳಿದ ದುಡ್ಡನ್ನು ಯಾರು ಕಟ್ಟುತ್ತಾರೆ? ಚಾಲಕ ಕಟ್ಟುತ್ತಾನೆ. ಕಂತಿನಲ್ಲಿ. ಪಾಳಿಗಿಷ್ಟು ಪಾಳಿಗಿಷ್ಟು ಎಂದು ತನ್ನ ಕಿವಿಯಿಂದ.

ಆದ್ದರಿಂದ ಇದನ್ನು ಕಸುಬಿನ ಕಷ್ಟ ಎನ್ನಬೇಡಿ. ಹಣೆಬರಹ ಎನ್ನಬೇಡಿ. ಟೆಂಡರ್ ಕರೆದು, ದರ ಚೌಕಾಸಿ ಮಾಡಿ, ಸಹಿ ಹಾಕಿ, ಸೀಲು ಹೊಡೆದು ಕೊಂಡ ಕಿವುಡು ಇದು. ಪ್ರತಿ ಸಹಿಯ ಹಿಂದೆ ಒಬ್ಬ ಓದು ಬಲ್ಲ ಅಧಿಕಾರಿ ಇದ್ದಾನೆ. ಅವನ ಕಚೇರಿಯ ಎಸಿ ಸದ್ದು ಮಾಡಿದರೆ ಅವತ್ತೇ ಮೆಕ್ಯಾನಿಕ್ ಬರುತ್ತಾನೆ.

ನಾವು ಮಾತ್ರ ಸಾಚಾಗಳೆ? ಅಕ್ಷಯ ತೃತೀಯಕ್ಕೆ ಸರದಿಯಲ್ಲಿ ನಿಲ್ಲುವ ಮಹಾಜನಗಳೇ, ಒಂದು ಲೆಕ್ಕ ಹಾಕಿ. ಒಂದು ಟನ್ ಅದಿರಿನಲ್ಲಿ ಚಿನ್ನ ಸಿಗುವುದು ಕೆಲವೇ ಗ್ರಾಂ. ಧಾರಾಳವಾಗಿ ನಾಲ್ಕು ಎಂದು ಹಿಡಿಯಿರಿ. 40 ಗ್ರಾಂನ ಸರಕ್ಕೆ 10 ಟನ್ ಬಂಡೆ. ಅಷ್ಟನ್ನೂ ಯಾರೋ ಒಬ್ಬ ನೆಲದಡಿ ಅಡ್ಡಡ್ಡ ಕೂತು, ಆ ಆರ್ಭಟದಲ್ಲಿ ತುಂಬಿ ಹೊತ್ತು ಸುರಿದಿದ್ದಾನೆ. ಅಂಗಡಿಯಲ್ಲಿ ವೇಸ್ಟೇಜ್ ಎಷ್ಟು ಎಂದು ಚೌಕಾಸಿ ಮಾಡುತ್ತೀರಿ. ಹಾಲ್‌ಮಾರ್ಕ್ ಇದೆಯೆ ಎಂದು ಕಣ್ಣಿಗೆ ಹಿಡಿದು ನೋಡುತ್ತೀರಿ. ಕಿವಿಗೆ ತೂಗುವ ಓಲೆ ಯಾರ ಕಿವಿಯನ್ನು ತಿಂದು ಬಂತು ಎಂದು ಎಂದಾದರೂ ಕೇಳಿದ್ದೀರಾ?

ಸಂಘದ ಮುಖಂಡರೇ, ನಿಮಗೂ ಒಂದು ಮಾತು. ಬೋನಸ್ಸಿಗೆ ಗೇಟ್ ಮೀಟಿಂಗ್ ಮಾಡುತ್ತೀರಿ, ಮಾಡಬೇಕಾದ್ದೇ. ವೇತನ ಒಪ್ಪಂದಕ್ಕೆ ಧರಣಿ ಕೂರುತ್ತೀರಿ, ಕೂರಬೇಕಾದ್ದೇ. ಬೇಡಿಕೆ ಪಟ್ಟಿಯಲ್ಲಿ ಕಿವಿ ಎಷ್ಟನೇ ನಂಬರು? ಪಟ್ಟಿಯಲ್ಲಿ ಇದೆಯೆ? ಸದ್ದಿಗೆ ಭತ್ಯೆ ಕೇಳುವ ಯೋಚನೆ ಇದ್ದರೆ ಈಗಲೇ ಬಿಡಿ. ಭತ್ಯೆ ಎಂದರೆ ಕಿವಿಯನ್ನು ತಿಂಗಳ ಬಾಡಿಗೆಗೆ ಕೊಟ್ಟಂತೆ. ಬಾಡಿಗೆ ಮುಗಿದ ಮೇಲೆ ಕಿವಿ ವಾಪಸು ಬರುವುದಿಲ್ಲ.

ಪತ್ರಿಕೆಯವರೇ, ಟಿವಿಯವರೇ, ಚಿನ್ನದ ದರವನ್ನು ದಿನವೂ ಮೊದಲ ಸುದ್ದಿ ಮಾಡುತ್ತೀರಿ. ಗಣಿಯ ಡೆಸಿಬಲ್ ದರವನ್ನು ಒಂದು ದಿನವಾದರೂ ತೋರಿಸಿ.

ಏನು ಬೇಕು ಎಂದು ಕೇಳುತ್ತೀರಾ? ಬರೆದುಕೊಳ್ಳಿ. 1975ರ ಅಂಕಿಯನ್ನು ಹರಿದು ಹಾಕಿ, ಎಂಟು ಗಂಟೆಗೆ 85ರ ಮಿತಿಯನ್ನು ಕಾನೂನು ಮಾಡಿ. ಸುತ್ತೋಲೆಯ ಭಿಕ್ಷೆ ಬೇಡ. ಸರ್ಕಾರಿ ಕಂಪನಿ ಕೊಳ್ಳುವ ಪ್ರತಿ ಗಾಡಿಯ ಟೆಂಡರಿನಲ್ಲಿ ಡೆಸಿಬಲ್ ಷರತ್ತು ಇರಲಿ. ಗಾಡಿ ಬಂದ ದಿನ ಸುರಂಗದೊಳಗೆ, ಹೇರು ತುಂಬಿ, ಏರು ಹತ್ತಿಸಿ ಅಳೆಯಿರಿ. ಮೀರಿದರೆ ಬಿಲ್ ತಡೆಯಿರಿ, ಗಾಡಿ ವಾಪಸು ಕಳಿಸಿ. ಹಳೆಯ ಗಾಡಿಗಳಿಗೆ ಗಡುವು ಹಾಕಿ. ಕಾಯಂ ಇರಲಿ, ಗುತ್ತಿಗೆ ಇರಲಿ, ಸೇರಿದ ದಿನ ಮತ್ತು ಪ್ರತಿ ವರ್ಷ ಕಿವಿ ಪರೀಕ್ಷೆ ಮಾಡಿಸಿ. ಚಾರ್ಟಿನ ಒಂದು ಪ್ರತಿ ಕಾರ್ಮಿಕನ ಕೈಗೇ ಕೊಡಿ. ಈಗಾಗಲೇ ಕಿವುಡಾದವರನ್ನು, ನಿವೃತ್ತರಾದವರನ್ನು, ಮನೆಮನೆಗೆ ಹೋಗಿ ಪಟ್ಟಿ ಮಾಡಿ ಪರಿಹಾರ ಕೊಡಿ.

ಇದೆಲ್ಲ ಓದಿ ನೀವು ಮಾಡಿಬಿಡುತ್ತೀರಿ ಎಂಬ ಭ್ರಮೆ ನನಗಿಲ್ಲ. ನಿಮ್ಮ ಕಿವಿ ಸದ್ದಿನಿಂದ ಕೆಟ್ಟದ್ದಲ್ಲ, ಸುಖದಿಂದ ಕೆಟ್ಟದ್ದು. ಮನವಿ ಕೊಟ್ಟರೆ ಸ್ವೀಕೃತಿಯ ಸೀಲು ಒತ್ತುತ್ತೀರಿ. ಸಮಿತಿ ಮಾಡುತ್ತೀರಿ. ಸಮಿತಿ ಕೆನಡಾಕ್ಕೆ ಪ್ರವಾಸ ಹೋಗಿ ಬರುತ್ತದೆ. ಗಾಡಿ ಹಾಗೇ ಗುಡುಗುತ್ತಿರುತ್ತದೆ.

ಹಾಗಾಗಿ ನಾವೇ ಬರುತ್ತೇವೆ. ಮುಂದಿನ ಟೆಂಡರ್ ಕರೆದ ದಿನ ಆ ಕಾಗದ ಓದುತ್ತೇವೆ. ಓದಲು ಬಿಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ತೆಗೆಸುತ್ತೇವೆ. ಡೆಸಿಬಲ್ಲಿನ ಸಾಲು ಇಲ್ಲದಿದ್ದರೆ ಸಹಿ ಹಾಕಿದವರ ಹೆಸರು ಹಿಡಿದು ಗಣಿಯ ಗೇಟಿನಲ್ಲಿ ಕೂಗುತ್ತೇವೆ, ಬಸ್ ಸ್ಟ್ಯಾಂಡಿನಲ್ಲಿ ಕೂಗುತ್ತೇವೆ, ವಿಧಾನಸೌಧದ ಮುಂದೆ ಬಂದು ಕೂಗುತ್ತೇವೆ. ಗಂಟಲು ಒಣಗುತ್ತದೆ ಎಂದು ಲೆಕ್ಕ ಹಾಕಬೇಡಿ. ಗಣಿಯವರ ಮನೆಯಲ್ಲಿ ಎಲ್ಲರಿಗೂ ಕೂಗಿ ಮಾತಾಡಿಯೇ ರೂಢಿ. ಅದನ್ನು ಕಲಿಸಿದವರು ನೀವೇ.